ತೋಟದ ದಾರಿಗೆ ಗೇರ್ ಗಾಡಿಯೋ, ಆಟೋಮ್ಯಾಟಿಕ್ಕೋ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಟಾರ್ ರೋಡ್ ಬಿಟ್ಟ ಮೇಲೆ ಮನೆಗೆ ಸುಮಾರು 2 ಕಿಲೋಮೀಟರ್ ಮಣ್ಣು ದಾರಿ, ಮಧ್ಯದಲ್ಲಿ ಒಂದು ಕಡಿದಾದ ಏರು. ಮಳೆಗಾಲದಲ್ಲಿ ಅಲ್ಲಿ ಗಾಡಿ ಹತ್ತಿಸುವುದೇ ಒಂದು ಸಾಹಸ. ಡೀಸೆಲ್ ಥಾರ್ ಫೋರ್ ಬೈ ಫೋರ್ ತಗೊಳ್ಳೋಣ ಅಂತಿದ್ದೇವೆ. ಅಪ್ಪ ಜೀವನವಿಡೀ ಜೀಪ್ ಓಡಿಸಿದವರು, "ಆಟೋಮ್ಯಾಟಿಕ್ ಪೇಟೆಗೆ ಸರಿ, ತೋಟಕ್ಕೆ ಗೇರ್ ಗಾಡಿಯೇ ಆಗಬೇಕು" ಅಂತಾರೆ. ಓಡಿಸುವವರು ನಾನು, ನನ್ನ ಹೆಂಡತಿ, ಆಗಾಗ ತೋಟದ ರೈಟರು. ಯಾವುದು ತಗೊಳ್ಳಲಿ?

ಉತ್ತರ: ಆಟೋಮ್ಯಾಟಿಕ್ ತಗೊಳ್ಳಿ. ಅಪ್ಪನ ಮಾತನ್ನು ತಳ್ಳಿಹಾಕುತ್ತಿಲ್ಲ, ಅವರು ಹೇಳಿದ್ದರಲ್ಲಿ ಅರ್ಧ ನೂರಕ್ಕೆ ನೂರು ಸರಿ. ಆದರೆ ಆ ಅರ್ಧ ಇರುವುದು ಇಳಿಜಾರಿನಲ್ಲಿ, ಏರಿನಲ್ಲಿ ಅಲ್ಲ.

ಮೊದಲು ಏರು ನೋಡೋಣ. ಗೇರ್ ಗಾಡಿಯಲ್ಲಿ ಕೆಸರಿನ ಏರು ಹತ್ತುವಾಗ ಕಷ್ಟ ಬರುವುದು ನಿಂತು ಮತ್ತೆ ಹೊರಡುವಾಗ. ಎದುರಿಗೆ ಪಿಕಪ್ ಬಂತು, ದನ ಅಡ್ಡ ಬಂತು, ನಿಲ್ಲಿಸಿದಿರಿ. ಈಗ ಒಂದು ಕಾಲು ಬ್ರೇಕ್ ಮೇಲೆ, ಇನ್ನೊಂದು ಕ್ಲಚ್ ಮೇಲೆ, ಆಕ್ಸಿಲರೇಟರ್‌ಗೆ ಕಾಲೇ ಉಳಿದಿಲ್ಲ. ಕ್ಲಚ್ ಬೇಗ ಬಿಟ್ಟರೆ ಗಾಡಿ ಆಫ್, ಹಾಫ್ ಕ್ಲಚ್‌ನಲ್ಲೇ ಎಳೆದರೆ ಪ್ಲೇಟ್ ಸುಟ್ಟ ವಾಸನೆ, ಜಾಸ್ತಿ ರೇಸ್ ಮಾಡಿ ಬಿಟ್ಟರೆ ಚಕ್ರ ನಿಂತಲ್ಲೇ ಗಿರಗಿರ ತಿರುಗಿ ತನಗೆ ತಾನೇ ಗುಂಡಿ ತೋಡಿಕೊಳ್ಳುತ್ತದೆ. ನಿಮ್ಮ ಅಪ್ಪನಿಗೆ ಇದೆಲ್ಲ ಕಾಲಿಗೆ ಹತ್ತಿದ ಅಭ್ಯಾಸ, ಅವರಿಗೆ ಇದು ಕಷ್ಟ ಅಂತಲೇ ಅನ್ನಿಸಿರಲಿಕ್ಕಿಲ್ಲ. ಆದರೆ ಈಗ ಗಾಡಿ ಓಡಿಸುವವರು ಮೂರು ಜನ, ಮೂರು ಥರದ ಕಾಲು. ಒಂದು ಮಳೆಗಾಲದಲ್ಲಿ ಕ್ಲಚ್ ಪ್ಲೇಟಿನ ಕತೆ ಏನಾಗುತ್ತದೆ ಅಂತ ಯೋಚಿಸಿ.

ಥಾರ್‌ನಲ್ಲಿ ಬರುವುದು 6 ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ಇದರಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟ್ ಬದಲು ಎಣ್ಣೆ ಕೆಲಸ ಮಾಡುತ್ತದೆ. ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ದೂಡುತ್ತವೆ, ಆ ಎಣ್ಣೆ ಗೇರ್ ಬಾಕ್ಸ್ ಕಡೆಯ ರೆಕ್ಕೆಗಳನ್ನು ತಿರುಗಿಸುತ್ತದೆ. ಎರಡಕ್ಕೂ ನೇರ ಹಿಡಿತ ಇಲ್ಲದ ಕಾರಣ ಚಕ್ರ ನಿಂತಿದ್ದರೂ ಎಂಜಿನ್ ಆಫ್ ಆಗುವುದಿಲ್ಲ. ಇನ್ನೊಂದು ಲಾಭ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ: ಗಾಡಿ ನಿಂತ ಜಾಗದಿಂದ ಹೊರಡುವಾಗ ಈ ಕನ್ವರ್ಟರ್ ಎಂಜಿನ್ನಿನ ಟಾರ್ಕ್ ಅನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ ಗೇರ್ ಬಾಕ್ಸಿಗೆ ಕೊಡುತ್ತದೆ. ಅದೂ ಮೆತ್ತಗೆ, ಏಟು ಹೊಡೆದ ಹಾಗಲ್ಲ. ಕೆಸರಿನಲ್ಲಿ ಬೇಕಾಗಿರುವುದೂ ಅದೇ. ಚಕ್ರಕ್ಕೆ ಒಮ್ಮೆಲೇ ಬಲ ಬಿದ್ದರೆ ಹಿಡಿತ ತಪ್ಪುತ್ತದೆ, ನಿಧಾನಕ್ಕೆ ಬಿದ್ದರೆ ಕಚ್ಚಿಕೊಳ್ಳುತ್ತದೆ.

ಆಟೋಮ್ಯಾಟಿಕ್ ಅಂದರೆ ದಮ್ ಇಲ್ಲ ಅನ್ನುವ ಮಾತು ಹಳೇ ಕಾಲದ್ದು. ಸ್ಕಾರ್ಪಿಯೋ ಎನ್ ಡೀಸೆಲ್ಲಿನಲ್ಲಿ ಮ್ಯಾನ್ಯುಯಲ್‌ಗೆ 370 ಎನ್‌ಎಂ ಟಾರ್ಕ್, ಆಟೋಮ್ಯಾಟಿಕ್‌ಗೆ 400. ಫಾರ್ಚುನರ್ 2.8 ಡೀಸೆಲ್ಲಿನಲ್ಲಿ 420 ಮತ್ತು 500. ಥಾರ್ ಪೆಟ್ರೋಲಿನಲ್ಲೂ ಆಟೋಮ್ಯಾಟಿಕ್‌ಗೇ 20 ಎನ್‌ಎಂ ಜಾಸ್ತಿ. ನೀವು ಕೇಳಿದ 2.2 ಡೀಸೆಲ್ಲಿನಲ್ಲಿ ಮಾತ್ರ ಎರಡಕ್ಕೂ ಒಂದೇ, 300. 2020ರಲ್ಲಿ ಬಂದ ಹೊಸ ಡಿಫೆಂಡರ್ ಅಂತೂ ಆಟೋಮ್ಯಾಟಿಕ್ಕಿನಲ್ಲೇ ಬರುತ್ತದೆ, ಕಾಡುಮೇಡು ಸುತ್ತಲೆಂದೇ ಹೆಸರಾದ ಗಾಡಿ ಅದು.

ಈಗ ಅಪ್ಪನ ಅರ್ಧಕ್ಕೆ ಬರುತ್ತೇನೆ. ಮಳೆ ಹೊಡೆದು ಮೇಲಿನ ಮಣ್ಣು ಬೆಣ್ಣೆಯ ಹಾಗಾಗಿದೆ, ಗಾಡಿ ತುಂಬ ಗೊಬ್ಬರದ ಮೂಟೆ, ನೀವು ಕೆಳಗೆ ಇಳಿಯಬೇಕು. ಇಲ್ಲಿ ಬ್ರೇಕ್ ನಂಬಿದರೆ ಚಕ್ರ ಹಿಡಿದುಕೊಂಡು ಗಾಡಿ ಜಾರುತ್ತದೆ. ಎಂಜಿನ್ನೇ ಗಾಡಿಯನ್ನು ಹಿಡಿದಿಡಬೇಕು. ಗೇರ್ ಗಾಡಿಯನ್ನು 4ಎಲ್‌ಗೆ ಹಾಕಿ (ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಗಾಡಿಯನ್ನು ಇನ್ನಷ್ಟು ನಿಧಾನ ಮಾಡುವ ಲೋ ರೇಂಜ್ ಅದು), ಫಸ್ಟ್ ಗೇರಿನಲ್ಲಿ ಬಿಟ್ಟು ಎರಡೂ ಕಾಲು ಮೇಲೆತ್ತಿದರೆ ಅದು ತಾನಾಗಿ ಇಳಿಯುತ್ತದೆ.

ಆ ಲೋ ರೇಂಜ್ ಏನು ಮಾಡುತ್ತದೆ ಅಂತ ಒಂದು ಲೆಕ್ಕ ಹಾಕೋಣ, ಏಕೆಂದರೆ ಇಡೀ ಪ್ರಶ್ನೆಯ ಜೀವ ಇರುವುದು ಇಲ್ಲಿ. ಒಂದು ಗಾಡಿಯ ಫಸ್ಟ್ ಗೇರ್ ಅನುಪಾತ 4, ಆಕ್ಸಲ್‌ನದು 4 ಅಂತ ಇಟ್ಟುಕೊಳ್ಳಿ. ಗುಣಿಸಿದರೆ 16. ಅಂದರೆ ಎಂಜಿನ್ 16 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ನಿಮಿಷಕ್ಕೆ 800 ಸುತ್ತಿನ ಐಡಲ್‌ನಲ್ಲಿ ಗಾಡಿ ಗಂಟೆಗೆ ಸುಮಾರು 7 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಜಾರುವ ಇಳಿಜಾರಿಗೆ ಇದು ಜಾಸ್ತಿಯಾಯಿತು. ಲೋ ರೇಂಜ್ ಹಾಕಿದಾಗ ಇನ್ನೊಂದು 2.5 ಸೇರಿತು ಅನ್ನಿ, ಅನುಪಾತ 40 ಆಯಿತು. ಈಗ ವೇಗ ಗಂಟೆಗೆ 3 ಕಿಲೋಮೀಟರ್‌ಗಿಂತಲೂ ಕಡಿಮೆ, ಪಕ್ಕದಲ್ಲಿ ನಡೆದು ಬರುವವರೇ ನಿಮಗಿಂತ ಮುಂದೆ ಹೋಗುತ್ತಾರೆ. ಹತ್ತುವಾಗಲೂ ಇದೇ ಲೆಕ್ಕ, ಚಕ್ರಕ್ಕೆ ಸಿಗುವ ಬಲ ಅಷ್ಟೇ ಪಟ್ಟು ಜಾಸ್ತಿ. ಲೋ ರೇಂಜ್ ಇರುವ ಆಟೋಮ್ಯಾಟಿಕ್ಕಿಗೂ ಲೋ ರೇಂಜ್ ಇಲ್ಲದ ಮ್ಯಾನ್ಯುಯಲ್‌ಗೂ ಹೋಲಿಕೆಯೇ ಇಲ್ಲ ಅಂತ ನಾನು ಪ್ರತಿ ಸಲ ಹೇಳುವುದು ಇದಕ್ಕೇ.

ಆಟೋಮ್ಯಾಟಿಕ್ಕಿನಲ್ಲಿ ಇಳಿಯುವಾಗ ಅದೇ ಎಣ್ಣೆ ನಿಮಗೆ ಎದುರಾಗುತ್ತದೆ. ನಿಧಾನ ವೇಗದಲ್ಲಿ ಕನ್ವರ್ಟರ್ ಲಾಕ್ ಆಗಿರುವುದಿಲ್ಲ, ಅಂದರೆ ಅದರ ಎರಡೂ ಕಡೆ ಒಂದಕ್ಕೊಂದು ನೇರ ಬಿಗಿದುಕೊಂಡಿರುವುದಿಲ್ಲ, ಹಾಗಾಗಿ ಎಂಜಿನ್ನಿನ ಹಿಡಿತ ಸಡಿಲ. 4ಎಲ್ ಹಾಕಿದ್ದರೂ ಗಾಡಿ ಮ್ಯಾನ್ಯುಯಲ್‌ಗಿಂತ ಸ್ವಲ್ಪ ಜೋರಾಗಿಯೇ ಇಳಿಯುತ್ತದೆ. ಅದಕ್ಕೆ ನೀವು ಮಾಡಬೇಕಾದ್ದು ಇಷ್ಟು: ಏರಿನ ನೆತ್ತಿಯಲ್ಲೇ ನಿಲ್ಲಿಸಿ 4ಎಲ್ ಹಾಕಿ, ಲಿವರ್ ಅನ್ನು 'ಡಿ'ಯಲ್ಲಿ ಬಿಡದೆ ಮ್ಯಾನ್ಯುಯಲ್ ಮೋಡ್‌ಗೆ ತಂದು ಫಸ್ಟ್ ಗೇರಿನಲ್ಲಿ ಹಿಡಿದಿಡಿ, ಬ್ರೇಕ್ ಮೇಲೆ ಕಾಲಿನ ಭಾರ ತುಸುವೇ ಇರಲಿ. 'ಡಿ'ಯಲ್ಲೇ ಇಳಿದರೆ ಗೇರ್ ಬಾಕ್ಸ್ ತಾನಾಗಿ ಮೇಲಿನ ಗೇರಿಗೆ ಹೋಗಬಹುದು, ಆಗ ಇರುವ ಹಿಡಿತವೂ ಹೋಯಿತು. ಹಿಲ್ ಡಿಸೆಂಟ್ ಕಂಟ್ರೋಲ್ ಇದ್ದರೆ ಬಳಸಿ, ಆದರೆ ಅದು ಬ್ರೇಕ್ ಹಿಡಿದು ಬಿಟ್ಟು ಮಾಡಿಯೇ ಕೆಲಸ ಮಾಡುವುದು, ಉದ್ದದ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗುತ್ತದೆ.

ಯಾವ ಗಾಡಿಯಾದರೂ ಸರಿ, ಇಳಿಯುವಾಗ ನ್ಯೂಟ್ರಲ್ ಮಾಡಬೇಡಿ. ಗೇರ್ ಗಾಡಿಯಾದರೆ ಕ್ಲಚ್ ಮುಟ್ಟಲೇಬೇಡಿ. ಹೆದರಿಕೆಯಾದಾಗ ಕ್ಲಚ್, ಬ್ರೇಕ್ ಎರಡನ್ನೂ ಒಟ್ಟಿಗೆ ತುಳಿಯುವುದು ಎಲ್ಲರಿಗೂ ಬರುವ ಅಭ್ಯಾಸ. ಕ್ಲಚ್ ತುಳಿದ ಕ್ಷಣ ಎಂಜಿನ್ ಕೈಬಿಟ್ಟಿತು, ಬ್ರೇಕ್ ತುಳಿದಾಗ ಚಕ್ರ ಹಿಡಿದುಕೊಂಡಿತು, ಆಮೇಲೆ ಗಾಡಿ ಎಲ್ಲಿಗೆ ಹೋಗುತ್ತದೆ ಅಂತ ಧರೆಯೇ ಹೇಳಬೇಕು. ಜಾರಲು ಶುರುವಾದರೆ ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಅನ್ನು ಒಂಚೂರು ಮುಟ್ಟಿ ಚಕ್ರ ಉರುಳುವಂತೆ ಮಾಡಿ. ಉರುಳುವ ಚಕ್ರ ಮಾತ್ರ ಸ್ಟೇರಿಂಗ್ ಮಾತು ಕೇಳುತ್ತದೆ. ಮನಸ್ಸು ಇದಕ್ಕೆ ಒಪ್ಪುವುದಿಲ್ಲ, ಅದಕ್ಕೇ ಸಣ್ಣ ಇಳಿಜಾರಿನಲ್ಲಿ ಮೊದಲೇ ಅಭ್ಯಾಸ ಮಾಡಿ.

ಏರು ಅರ್ಧಕ್ಕೆ ಕೈಕೊಟ್ಟಾಗಲೂ ಆಟೋಮ್ಯಾಟಿಕ್ ಸುಲಭ. ಬ್ರೇಕ್ ಹಿಡಿದು, ರಿವರ್ಸ್ ಹಾಕಿ, ಬಂದ ಜಾಡಿನಲ್ಲೇ ನೇರವಾಗಿ ಹಿಂದೆ ಬನ್ನಿ. ಗೇರ್ ಗಾಡಿ ಆಫ್ ಆಗಿ ನಿಂತರೆ ಬ್ರೇಕ್ ಗಟ್ಟಿಯಾಗಿ ಹಿಡಿದುಕೊಂಡೇ ರಿವರ್ಸ್ ಗೇರ್ ಹಾಕಿ, ಸ್ಟಾರ್ಟ್ ಮಾಡಿ, ಕ್ಲಚ್ ನಿಧಾನಕ್ಕೆ ಬಿಟ್ಟು ಎಂಜಿನ್ನಿನ ಹಿಡಿತ ಸಿಕ್ಕ ಮೇಲೆ ಮಾತ್ರ ಬ್ರೇಕ್ ಸಡಿಲಿಸಿ, ಕ್ಲಚ್ ಪೂರ್ತಿ ಬಿಡಬೇಕು. ಎರಡರಲ್ಲೂ ಏರಿನ ಮಧ್ಯೆ ಗಾಡಿ ತಿರುಗಿಸುವ ಯೋಚನೆ ಬೇಡ, ಅಡ್ಡ ನಿಂತ ಗಾಡಿ ಮಗುಚುತ್ತದೆ.

ಮ್ಯಾನ್ಯುಯಲ್ ಪರವಾಗಿ ಇನ್ನೂ ಎರಡು ಮಾತು ಹೇಳಬೇಕು. ಬ್ಯಾಟರಿ ಸತ್ತರೆ ಅದನ್ನು ತಳ್ಳಿ ಸ್ಟಾರ್ಟ್ ಮಾಡಬಹುದು, ಆಟೋಮ್ಯಾಟಿಕ್ಕಿಗೆ ಜಂಪರ್ ಕೇಬಲ್ಲೇ ಗತಿ. ಮತ್ತೆ ಕ್ಲಚ್ ಹೋದರೆ ಊರಿನ ಮೆಕ್ಯಾನಿಕ್ ಬಿಚ್ಚಿ ಹಾಕುತ್ತಾರೆ, ಆಟೋಮ್ಯಾಟಿಕ್ ಗೇರ್ ಬಾಕ್ಸ್ ಕೆಟ್ಟರೆ ಗಾಡಿಯನ್ನು ಕಂಪನಿ ವರ್ಕ್‌ಶಾಪ್‌ವರೆಗೆ ಹೊತ್ತುಕೊಂಡೇ ಹೋಗಬೇಕು. ಓಡಿಸುವವರು ಅಪ್ಪ ಒಬ್ಬರೇ ಆಗಿದ್ದರೆ, ಅಥವಾ ದಿನಾ ಲೋಡ್ ತುಂಬಿ ಇಳಿಯುವುದೇ ಮುಖ್ಯ ಕೆಲಸವಾಗಿದ್ದರೆ, ನಾನೂ ಮ್ಯಾನ್ಯುಯಲ್ ತಗೊಳ್ಳಿ ಅಂತಲೇ ಹೇಳುತ್ತಿದ್ದೆ. ಆಗ ಫೋರ್ಸ್ ಗೂರ್ಖಾ ಕೂಡ ನೋಡಬಹುದು, ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ (ಎಡ, ಬಲ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ವ್ಯವಸ್ಥೆ) ಇರುವ ಗಟ್ಟಿ ಗಾಡಿ. ಮಳೆಗಾಲಕ್ಕೆ ಚೈನ್ ಕಟ್ಟುವ ಮಲೆನಾಡಿನ ಪದ್ಧತಿಯನ್ನು ಬಿಡಬೇಡಿ. ಟೈರ್ ಬೋಳಾಗಿದ್ದರೆ ಯಾವ ಗೇರ್ ಬಾಕ್ಸೂ ಆ ಏರು ಹತ್ತಿಸುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ, ನನ್ನದು ಎಎಂಟಿ ಇರುವ ಸಣ್ಣ ಎಸ್‌ಯುವಿ. ಅದೂ ಆಟೋಮ್ಯಾಟಿಕ್ ತಾನೇ, ಸಕಲೇಶಪುರ ಕಡೆ ಹೋಮ್‌ಸ್ಟೇಗಳ ಮಣ್ಣು ದಾರಿಯಲ್ಲಿ ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ. ಮೇಲೆ ಟಾರ್ಕ್ ಕನ್ವರ್ಟರ್ ಬಗ್ಗೆ ಹೇಳಿದ ಒಳ್ಳೆ ಮಾತು ಯಾವುದೂ ಎಎಂಟಿಗೆ ಅನ್ವಯಿಸುವುದಿಲ್ಲ. ಅದು ಮಾಮೂಲಿ ಮ್ಯಾನ್ಯುಯಲ್ ಗೇರ್ ಬಾಕ್ಸೇ, ನಿಮ್ಮ ಎಡಗಾಲಿನ ಕೆಲಸವನ್ನು ಮೋಟಾರ್ ಮಾಡುತ್ತದೆ ಅಷ್ಟೆ. ಒಳಗೆ ಅದೇ ಕ್ಲಚ್ ಪ್ಲೇಟ್, ಅದೇ ಬಿಸಿ, ಮತ್ತೆ ಎಷ್ಟು ಉಜ್ಜಬೇಕು ಅನ್ನುವುದು ನಿಮ್ಮ ಕೈಯಲ್ಲೂ ಇಲ್ಲ. ಕಡಿದಾದ ಏರಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಂಡರೆ ಕ್ಲಚ್ ಬೇಗ ಸುಡುತ್ತದೆ. ಎರಡು ಕ್ಲಚ್ ಇರುವ ಡಿಸಿಟಿ ಅನ್ನುವ ಆಟೋಮ್ಯಾಟಿಕ್ ಇದೆಯಲ್ಲ, ಅದು ಒಣ ಕ್ಲಚ್ಚಿನದಾದರೆ ಅದಕ್ಕೂ ಇದೇ ಎಚ್ಚರಿಕೆ. ಗೇರಿನ ಬದಲು ಬೆಲ್ಟ್ ಇರುವ ಸಿವಿಟಿ ಕೂಡ ಇಂಥ ಒರಟು ಕೆಲಸಕ್ಕೆ ಹೇಳಿಸಿದ್ದಲ್ಲ.

ಒಣಗಿದ, ಹದವಾದ ಮಣ್ಣು ದಾರಿಯಾದರೆ ಧಾರಾಳವಾಗಿ ಹೋಗಿ. ಏರು ಬಂದರೆ ಮ್ಯಾನ್ಯುಯಲ್ ಮೋಡ್‌ನಲ್ಲಿ ಫಸ್ಟ್ ಗೇರ್ ಹಿಡಿದು, ಮಧ್ಯೆ ನಿಲ್ಲದೆ ಹತ್ತಿ. ಸುಟ್ಟ ವಾಸನೆ ಬಂದರೆ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ತಣ್ಣಗಾಗಲು ಬಿಡಿ. ಜೂನ್ ದಾಟಿದ ಮೇಲೆ ಮಾತ್ರ ಹೋಮ್‌ಸ್ಟೇಯವರಿಗೆ ಫೋನ್ ಮಾಡಿ ಜೀಪ್ ಕಳಿಸಿ ಅನ್ನಿ. ಅವರ ಬಳಿ ಇದ್ದೇ ಇರುತ್ತದೆ.

ಪ್ರಶ್ನೆ: ಮಂಗಳೂರಿನವನು, ದುಬೈನಲ್ಲಿ ಕೆಲಸ. ವಾರಾಂತ್ಯಕ್ಕೆ ಗೆಳೆಯರ ಜೊತೆ ಮರಳುಗಾಡಿಗೆ ಹೋಗುವ ಆಸೆ. ಹಳೇ ನಿಸಾನ್ ಪ್ಯಾಟ್ರೋಲ್ ಎಸ್‌ಯುವಿಯೊಂದು ಮ್ಯಾನ್ಯುಯಲ್‌ನಲ್ಲಿ ಒಳ್ಳೆ ಬೆಲೆಗೆ ಸಿಗುತ್ತಿದೆ. ಮರಳಿಗೆ ಆಗುತ್ತದಾ?

ಉತ್ತರ: ಗಾಡಿ ಖಂಡಿತ ಆಗುತ್ತದೆ, ಆದರೆ ಹೊಸಬರಿಗೆ ಮರಳಿನಲ್ಲಿ ಆಟೋಮ್ಯಾಟಿಕ್ಕೇ ವಾಸಿ. ಇಲ್ಲಂತೂ ನನಗೆ ಅನುಮಾನವೇ ಇಲ್ಲ. ಮರಳು ಗಾಡಿಯನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ದಿಬ್ಬ ಹತ್ತುವಾಗ ಗೇರ್ ಬದಲಿಸಲು ಕ್ಲಚ್ ತುಳಿದ ಒಂದು ಕ್ಷಣ ಸಾಕು, ಓಟ ಸತ್ತುಹೋಗುತ್ತದೆ. ಆಮೇಲೆ ಮೆತ್ತನೆ ಮರಳಿನಲ್ಲಿ ಹಾಫ್ ಕ್ಲಚ್ ಒದ್ದಾಟ. ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಬಲ ಕಡಿಯುವುದೇ ಇಲ್ಲ. ಗೇರ್ ತಾನಾಗಿ ಮೇಲೆ ಹೋಗದಂತೆ ಹಿಡಿದಿಟ್ಟು, ಗೇರ್ ಬಾಕ್ಸ್ ಬಿಸಿಯ ದೀಪದ ಮೇಲೆ ಒಂದು ಕಣ್ಣಿಟ್ಟರೆ ಆಯಿತು, ಮರಳಿನಲ್ಲಿ ಆ ಎಣ್ಣೆ ತುಂಬ ಕಾಯುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಗಾಳಿ. ಟೈರಿನ ಗಾಳಿಯನ್ನು 15 ಪಿಎಸ್‌ಐ ಆಸುಪಾಸಿಗೆ ಇಳಿಸದೆ ದಿಬ್ಬದ ಹತ್ತಿರ ಹೋಗಬೇಡಿ. ಗಾಳಿ ಕಡಿಮೆಯಾದರೆ ಟೈರ್ ಉದ್ದಕ್ಕೆ ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ಆ ಗಾಳಿಯಲ್ಲಿ ಸ್ಟೇರಿಂಗ್ ಜೋರಾಗಿ ತಿರುಗಿಸಿದರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳುತ್ತದೆ, ಅದೂ ನೆನಪಿರಲಿ. ನಿಲ್ಲಿಸುವಾಗ ಮೂತಿ ಇಳಿಜಾರಿನ ಕಡೆ ಇರಲಿ, ಹೊರಡಲು ಸುಲಭ. ಹೈವೇಗೆ ಬರುವ ಮೊದಲು ಗಾಳಿ ತುಂಬಿಸಲೇಬೇಕು, ಹಾಗಾಗಿ ಕಂಪ್ರೆಸರ್ ಇಲ್ಲದೆ ಹೊರಡಬೇಡಿ. ಒಬ್ಬರೇ, ಒಂದೇ ಗಾಡಿಯಲ್ಲಂತೂ ಹೋಗಲೇಬೇಡಿ.

ಪ್ರಶ್ನೆ: ಮನೆ ಹತ್ತಿರದ ಹಳ್ಳ ದಾಟುವಾಗ ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ನೀರು ಹೋಗುತ್ತದೆ ಅಂತ ಹೆದರಿಸುತ್ತಾರೆ. ನಿಜವಾ?

ಉತ್ತರ: ನೀರು ಹೋಗಬಹುದು, ಆದರೆ ಅದು ಎರಡೂ ಥರದ ಗೇರ್ ಬಾಕ್ಸಿಗೆ ಇರುವ ಅಪಾಯ. ಗೇರ್ ಬಾಕ್ಸ್, ಆಕ್ಸಲ್ ಎಲ್ಲದಕ್ಕೂ ಉಸಿರಾಡಲು ಬ್ರೀದರ್ ಅಂತ ಸಣ್ಣ ಕೊಳವೆ ಇರುತ್ತದೆ. ಬಿಸಿಯಾದ ಗಾಡಿ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆ ಕೊಳವೆ ನೀರಿನಲ್ಲಿ ಮುಳುಗಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ. ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿಲಿಮೀಟರ್, ಗೂರ್ಖಾಗೆ 700, ಅದೂ ನಿಧಾನಕ್ಕೆ ಹೋದರೆ. ಗೇರ್ ಗಾಡಿಯಾದರೆ ನೀರಿನ ಮಧ್ಯೆ ಗೇರ್ ಬದಲಿಸಬೇಡಿ, ಕ್ಲಚ್ ತುಳಿದರೆ ಪ್ಲೇಟಿನ ನಡುವೆ ನೀರು, ಕೆಸರು ಸೇರಿ ಜಾರಲು ಶುರುವಾಗುತ್ತದೆ. ಇಳಿಯುವ ಮೊದಲೇ ಲೋ ರೇಂಜ್‌ನಲ್ಲಿ ಸೆಕೆಂಡ್ ಗೇರ್ ಹಾಕಿಕೊಂಡು ಒಂದೇ ವೇಗದಲ್ಲಿ ದಾಟಿ. ಎಂಜಿನ್ ನೀರಿನಲ್ಲಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಳೆದು ಹೊರಗೆ ತನ್ನಿ.

ಮಳೆಗಾಲ ಮುಗಿದ ಮೇಲೆ ಗೇರ್ ಬಾಕ್ಸ್, ಎರಡೂ ಆಕ್ಸಲ್ಲಿನ ಎಣ್ಣೆ ಬಿಚ್ಚಿ ನೋಡಿಸಿ. ಹಾಲು ಬೆರೆಸಿದ ಬಣ್ಣ ಇದ್ದರೆ ನೀರು ಸೇರಿದೆ ಅಂತಲೇ ಅರ್ಥ, ಅವತ್ತೇ ಬದಲಿಸಿ. ಬ್ರೀದರ್ ಕೊಳವೆಯನ್ನು ಬಾನೆಟ್ ಮಟ್ಟಕ್ಕೆ ಎತ್ತರಿಸಿ ಕಟ್ಟಿಸುವುದು ಸಣ್ಣ ಖರ್ಚಿನ ಕೆಲಸ, ಮುಂದಿನ ಮಳೆ ಶುರುವಾಗುವ ಮೊದಲೇ ಮಾಡಿಸಿಬಿಡಿ.