ಆ ನಾಯಕನನ್ನು ಮೆಚ್ಚಬೇಕೆಂದು ಪುಸ್ತಕ ಕೇಳುವುದಿಲ್ಲ

ಥಾಮಸ್ ಕವನೆಂಟ್ ಸರಣಿಯ ಮೊದಲ ಪುಸ್ತಕವಾದ 'ಲಾರ್ಡ್ ಫೌಲ್ಸ್ ಬೇನ್' ಅನ್ನು ನೂರು ಪುಟಗಳಷ್ಟು ಓದಿ, ನಾಯಕನೇ ಹದಿಹರೆಯದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡುವ ಭಾಗಕ್ಕೆ ಬಂದಾಗ ಮುಚ್ಚಿಟ್ಟೆ ಎಂದು ಬರೆದಿದ್ದೀರಿ. ನಿಮ್ಮ ಗೆಳೆಯರೊಬ್ಬರು ಇದಕ್ಕೆ ಸಮನಾದ ಫ್ಯಾಂಟಸಿ ಬೇರೊಂದಿಲ್ಲವೆನ್ನುತ್ತಾರೆ, ಇನ್ನೊಬ್ಬರು ಇದರ ಹೆಸರೆತ್ತಿದರೇ ಸಿಟ್ಟಾಗುತ್ತಾರೆ. ಒಂದೇ ಪುಸ್ತಕದ ಬಗ್ಗೆ ಇಷ್ಟು ದೂರದ ಅಭಿಪ್ರಾಯಗಳು ಏಕೆ, ಮುಂದೆ ಓದಬೇಕೇ ಬೇಡವೇ ಎಂಬುದು ನಿಮ್ಮ ಪ್ರಶ್ನೆ.

ಅಲ್ಲಿಗೆ ಓದು ನಿಲ್ಲಿಸಿದ್ದರಲ್ಲಿ ತಪ್ಪೇನೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗೆ ನಿಲ್ಲಿಸಿದವರಿಗೆ 'ನಿಮಗೆ ಪುಸ್ತಕ ಅರ್ಥವಾಗಲಿಲ್ಲ' ಎಂದು ಹೇಳುವ ಅಭಿಮಾನಿಗಳನ್ನು ಕಂಡಿದ್ದೇನೆ. ಅವರ ಆ ಮಾತನ್ನು ನಾನು ಒಪ್ಪುವುದಿಲ್ಲ. ಆ ಘಟನೆ ಓದಿ ನಿಮಗೆ ಹುಟ್ಟಿದ ಅಸಹ್ಯವೇ ಸರಿಯಾದ ಓದು ಎಂದು ನನ್ನ ದೃಢವಾದ ನಂಬಿಕೆ. ಲೇಖಕರಾದ ಸ್ಟೀಫನ್ ಡೊನಾಲ್ಡ್‌ಸನ್ ಅದನ್ನು ತೇಲಿಸಿ ಬರೆದಿಲ್ಲ, ಕವನೆಂಟ್‌ನನ್ನು ಕ್ಷಮಿಸಿ ಎಂದು ಓದುಗರ ಮುಂದೆ ಬೇಡಿಕೊಂಡೂ ಇಲ್ಲ. ಆದ್ದರಿಂದ 'ನಾಯಕ ಇಷ್ಟವಾದನೇ' ಎಂಬ ಪ್ರಶ್ನೆಯನ್ನು ಹಿಡಿದು ಈ ಸರಣಿಯನ್ನು ಅಳೆಯಲು ಹೊರಟರೆ ವಾದ ಮುಗಿಯುವುದೇ ಇಲ್ಲ. ಅನ್ಯಾಯಕ್ಕೊಳಗಾದವಳನ್ನು ಕಥೆ ಮುಂದೆ ನೆನಪಿಟ್ಟುಕೊಳ್ಳುತ್ತದೆಯೇ, ಅವಳಿಗೆ ಏನು ಕೊಡುತ್ತದೆ ಎಂದು ಕೇಳಿದರೆ ಮಾತ್ರ ಪುಸ್ತಕದ ಬಲವೂ ದೌರ್ಬಲ್ಯವೂ ಕಣ್ಣಿಗೆ ಬೀಳುತ್ತವೆ.

ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿ ವೃತ್ತಿಯಲ್ಲಿರುವವಳು. ಈ ಸರಣಿಯ ಬಳಿಗೆ ಬಂದದ್ದೂ ಫ್ಯಾಂಟಸಿಯ ಮೇಲಿನ ಪ್ರೀತಿಯಿಂದಲ್ಲ, ನಾಯಕ ಕುಷ್ಠರೋಗಿ ಎಂದು ಕೇಳಿದ್ದರಿಂದ. ಡೊನಾಲ್ಡ್‌ಸನ್ ಅವರ ತಂದೆ ಮೂಳೆರೋಗ ತಜ್ಞರು. ಮಿಷನ್ ವೈದ್ಯರಾಗಿ ನಮ್ಮ ಬೆಳಗಾವಿಯ ಗಡಿಗೆ ಹತ್ತಿರದ ಮೀರಜ್‌ನಲ್ಲಿ ಕೆಲಸ ಮಾಡಿದವರು, ಕುಷ್ಠರೋಗಿಗಳಿಗೆ ಚಿಕಿತ್ಸೆ ನೀಡಿದವರು. ಮಗ ತನ್ನ ಬಾಲ್ಯದ ಬಹುಭಾಗವನ್ನು, ಹದಿನಾರರ ವಯಸ್ಸಿನವರೆಗೆ, ಭಾರತದಲ್ಲೇ ಕಳೆದರು. ಕುಷ್ಠರೋಗದ ಬಗ್ಗೆ ತಂದೆ ಮಾಡಿದ ಭಾಷಣವೊಂದನ್ನು ಕೇಳಿದಾಗಲೇ ಕವನೆಂಟ್ ಎಂಬ ಪಾತ್ರ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಮೊದಲ ಪುಸ್ತಕವನ್ನು ಪ್ರಕಾಶಕರು 47 ಬಾರಿ ತಿರಸ್ಕರಿಸಿದ ಮೇಲೆ ಅದು 1977ರಲ್ಲಿ ಪ್ರಕಟವಾಯಿತು. ಸರಣಿ 2013ರಲ್ಲಿ ಹತ್ತನೆಯ ಪುಸ್ತಕದೊಂದಿಗೆ ಮುಗಿಯಿತು.

ಆ ಮೊದಲ ಅಧ್ಯಾಯಗಳನ್ನು ಓದಿದಾಗ ಬರೆದವರು ಕೇಳಿ ತಿಳಿದು ಬರೆದಿದ್ದಾರೆಂಬುದು ನನಗೆ ತಕ್ಷಣ ಗೊತ್ತಾಯಿತು. ಕವನೆಂಟ್ ಯಶಸ್ವಿ ಲೇಖಕ. ರೋಗದಿಂದ ಬಲಗೈಯ ಎರಡು ಬೆರಳುಗಳನ್ನು ಕಳೆದುಕೊಂಡಿದ್ದಾನೆ. ಹೆಂಡತಿ ಮಗುವನ್ನು ಕರೆದುಕೊಂಡು ಹೊರಟುಹೋಗಿದ್ದಾಳೆ. ಅವನು ಪೇಟೆಗೆ ಬರುವುದೇ ಬೇಡವೆಂದು ಊರಿನವರು ಅವನ ಟೆಲಿಫೋನ್ ಬಿಲ್ಲನ್ನು ತಾವೇ ಕಟ್ಟಿಬಿಟ್ಟಿರುತ್ತಾರೆ. ಕೈಕಾಲುಗಳಲ್ಲಿ ಸ್ಪರ್ಶಜ್ಞಾನವಿಲ್ಲದ ಕಾರಣ, ಎಲ್ಲಿಯಾದರೂ ತರಚಿದೆಯೇ, ಸುಟ್ಟಿದೆಯೇ ಎಂದು ಅವನು ದಿನವೂ ತನ್ನ ಮೈಯನ್ನು ಕಣ್ಣಿನಿಂದ ಪರೀಕ್ಷಿಸಿಕೊಳ್ಳಬೇಕು. ಇದನ್ನೇ ನಾವು ನಮ್ಮ ರೋಗಿಗಳಿಗೆ ಕಲಿಸುತ್ತೇವೆ. ಸಂಜೆ ಪಾದಗಳನ್ನು ನೀರಿನಲ್ಲಿ ನೆನೆಸಿ, ಒರಟು ಚರ್ಮವನ್ನು ಉಜ್ಜಿ ತೆಗೆದು, ಎಣ್ಣೆ ಹಚ್ಚಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಮೆತ್ತನೆಯ ಮೈಕ್ರೊಸೆಲ್ಯುಲರ್ ರಬ್ಬರಿನ ಎಂಸಿಆರ್ ಚಪ್ಪಲಿಯನ್ನು ಹಾಕುವ ಮುನ್ನ ಒಳಗೆ ಕಲ್ಲು ಮೊಳೆ ಇದೆಯೇ ಎಂದು ಕೈಯಾಡಿಸಿದರೆ ಸಾಲದು, ಬಗ್ಗಿಸಿ ಕಣ್ಣಿನಿಂದಲೇ ನೋಡಬೇಕು, ಏಕೆಂದರೆ ಆ ಕೈಗೂ ಸ್ಪರ್ಶ ತಿಳಿಯದಿರಬಹುದು. ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಉದುರುತ್ತವೆ ಎಂಬ ಹಳೆಯ ನಂಬಿಕೆ ಸುಳ್ಳು, ನೋವು ತಿಳಿಯದೆ ಆಗುವ ಗಾಯಗಳೇ ಅಂಗಹಾನಿಗೆ ಮುಖ್ಯ ಕಾರಣ ಎಂಬುದನ್ನು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟರು. ಬಹುವಿಧ ಔಷಧ ಚಿಕಿತ್ಸೆಯಿಂದ ಈಗ ರೋಗ ಆರು ಅಥವಾ ಹನ್ನೆರಡು ತಿಂಗಳಲ್ಲಿ ಗುಣವಾಗುತ್ತದೆ. ಬಹುಕಾಲದಿಂದ ಹಾಳಾಗಿರುವ ನರದ ಸ್ಪರ್ಶಶಕ್ತಿ ಮಾತ್ರ ಸಾಮಾನ್ಯವಾಗಿ ಮರಳುವುದಿಲ್ಲ.

ಕವನೆಂಟ್ ಬದುಕಿ ಉಳಿದಿರುವುದೇ ಈ ಒಂದು ನಿಯಮದ ಆಧಾರದಲ್ಲಿ: ಹೋದದ್ದು ಹಿಂದಿರುಗುವುದಿಲ್ಲ, ಹಿಂದಿರುಗೀತೆಂಬ ಆಸೆಗೆ ಬಿದ್ದು ಎಚ್ಚರ ತಪ್ಪಿದರೆ ಸಾವು. ಅಂಥವನನ್ನು ಕಥೆಯು 'ಲ್ಯಾಂಡ್' ಎಂಬ ಮಾಯಾಲೋಕಕ್ಕೆ ಎಳೆದೊಯ್ಯುತ್ತದೆ. ಅಲ್ಲಿ ಲೀನಾ ಎಂಬ ಹುಡುಗಿ ಗಾಯಕ್ಕೆಂದು ಹಚ್ಚಿದ ಮಣ್ಣಿನಿಂದ ಅವನ ನರಗಳೇ ಜೀವ ತಳೆಯುತ್ತವೆ. ಇದು ಕನಸು, ತಾನು ಹುಚ್ಚನಾಗುತ್ತಿದ್ದೇನೆ ಎಂದು ಅವನು ತೀರ್ಮಾನಿಸುತ್ತಾನೆ. ಆ ದಿಗ್ಭ್ರಮೆಯಲ್ಲಿ, ತನ್ನನ್ನು ಗುಣಪಡಿಸಿದ ಆ ಹುಡುಗಿಯ ಮೇಲೆಯೇ ಅತ್ಯಾಚಾರ ಮಾಡುತ್ತಾನೆ. ಇದು ಅವನ ಕೃತ್ಯಕ್ಕೆ ವಿವರಣೆಯಾಗಬಹುದು, ಸಮರ್ಥನೆಯಾಗಲಾರದು. ಅಭಿಮಾನಿಗಳಲ್ಲಿ ಹಲವರು ಈ ಎರಡರ ನಡುವಿನ ಅಂತರವನ್ನು ಮರೆತು ಮಾತನಾಡುವುದರಿಂದಲೇ ವಿರೋಧಿಗಳು ರೊಚ್ಚಿಗೇಳುತ್ತಾರೆ.

ನಮ್ಮ ಕರಾವಳಿ ಜಿಲ್ಲೆಗಳ ಓದುಗರಿಗೆ ಈ ವಾದದ ರೀತಿ ಹೊಸದೇನಲ್ಲ. ಮೇ ಕೊನೆಯ ಪತ್ತನಾಜೆಯ ನಂತರ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಮಳೆಗಾಲದ ತಾಳಮದ್ದಳೆಗಳಲ್ಲಿ ವಾಲಿಯ ಅರ್ಥ ಹೇಳುವವರು ಎದುರಿಗೆ ಕುಳಿತ ರಾಮನನ್ನು ಪ್ರಶ್ನೆಗಳಿಂದ ಕಟ್ಟಿಹಾಕುವುದನ್ನು ಕೇಳಿಯೇ ನಾವು ಬೆಳೆದವರು. ವಾಲಿಯ ಮಾತಿಗೆ ತಲೆದೂಗಿದ ಮಾತ್ರಕ್ಕೆ ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದನ್ನು ಒಪ್ಪಿದೆವೆಂದಾಗುವುದಿಲ್ಲ. ಅರ್ಥಧಾರಿ ಎಷ್ಟೇ ಸಮರ್ಥನಾಗಿದ್ದರೂ ಪ್ರಸಂಗ ವಾಲಿಯ ತಪ್ಪನ್ನು ಅಳಿಸಿಹಾಕುವುದಿಲ್ಲ. ಆದರೆ ಕವನೆಂಟ್ ವಾಲಿಯಂತೆ ವಾದಕ್ಕೆ ಕೂರುವುದೇ ಇಲ್ಲ. 'ಇದು ನಿಜವಲ್ಲ, ನಾನು ಹೊಣೆಯಲ್ಲ' ಎಂಬ ಒಂದೇ ಮಾತನ್ನು ಹಿಡಿದು ಪುಟಗಟ್ಟಲೆ ಗೊಣಗುತ್ತಾನೆ, ಸಹಾಯಕ್ಕೆ ಬಂದವರ ಮೇಲೆ ಹರಿಹಾಯುತ್ತಾನೆ. ಅಪರಾಧದ ಕಾರಣಕ್ಕೆ ಪುಸ್ತಕ ಬಿಟ್ಟವರಷ್ಟೇ ಈ ಗೊಣಗಾಟದಿಂದ ಬೇಸತ್ತು ಬಿಟ್ಟವರೂ ಇದ್ದಾರೆ. ಅವರ ದೂರಿನಲ್ಲಿ ಹುರುಳಿದೆ. ಮೊದಲ ಪುಸ್ತಕದ ಮಧ್ಯಭಾಗದಲ್ಲಿ ನನಗೂ ಉಸಿರುಗಟ್ಟಿದ ಅನುಭವವಾಗಿತ್ತು.

ಹಾಗಿದ್ದೂ ನಾನು ಮುಂದೆ ಓದಿದ್ದು ಲೀನಾಳ ತಾಯಿ ಅಟಿಯಾರನ್‌ಳಿಂದಾಗಿ. ಲೋಕಕ್ಕೆ ಒದಗಿರುವ ಅಪಾಯದ ಸುದ್ದಿಯನ್ನು ಅದನ್ನು ಕಾಯುವ ಲಾರ್ಡ್‌ಗಳಿಗೆ ಮುಟ್ಟಿಸಲು ಅವಳು ಕವನೆಂಟ್‌ನನ್ನು ಕರೆದುಕೊಂಡು ಹೊರಟಿರುತ್ತಾಳೆ. ಲೀನಾಳನ್ನು ಪ್ರೀತಿಸುವ ಟ್ರಯಾಕ್ ಬೆನ್ನಟ್ಟಿ ಬಂದು ನಡೆದದ್ದನ್ನು ಹೇಳಿ ಅವನನ್ನು ಕೊಲ್ಲಲು ಮುಂದಾದಾಗ, ತನ್ನ ಜನ ಕೈಗೊಂಡ ಶಾಂತಿಯ ಪ್ರತಿಜ್ಞೆಗೆ ಕಟ್ಟುಬಿದ್ದು ಅವಳೇ ಅಡ್ಡ ನಿಂತು ತಡೆಯುತ್ತಾಳೆ. ಬಳಿಕ, ಮಗಳನ್ನು ಕೆಡಿಸಿದವನಿಗೆ ದಾರಿ ತೋರಿಸುತ್ತಾ ನಡೆಯುತ್ತಾಳೆ. ಕ್ಷಮಿಸುವುದಿಲ್ಲ, ಸಮಾಧಾನದ ಒಂದು ಮಾತನ್ನೂ ಆಡುವುದಿಲ್ಲ. ಆ ಪ್ರಯಾಣದ ಪುಟಗಳು ಫ್ಯಾಂಟಸಿ ಸಾಹಿತ್ಯದಲ್ಲಿ ನಾನು ಓದಿದ ಅತ್ಯಂತ ಕಠಿಣವಾದ, ಅತ್ಯಂತ ಪ್ರಾಮಾಣಿಕವಾದ ಪುಟಗಳು. ನಿಮ್ಮ ಪುಸ್ತಕದಲ್ಲಿ ಅವು ನೀವು ನಿಲ್ಲಿಸಿದ ಜಾಗದಿಂದಲೇ ಶುರುವಾಗುತ್ತವೆ.

ಮುಂದೆ ಅವನು ರಾನಿಹಿನ್ ಎಂಬ ದಿವ್ಯ ಕುದುರೆಗಳಲ್ಲಿ ಒಂದು, ವರ್ಷಕ್ಕೊಮ್ಮೆ ಲೀನಾಳ ಬಳಿಗೆ ಹೋಗಬೇಕೆಂದು ಕೇಳಿಕೊಳ್ಳುತ್ತಾನೆ. ತನ್ನ ತಪ್ಪಿಗೆ ಅದರಿಂದ ಏನೋ ಪರಿಹಾರವಾದೀತೆಂಬುದು ಅವನ ಲೆಕ್ಕ. ಎರಡನೆಯ ಪುಸ್ತಕವಾದ 'ದಿ ಇಲರ್ತ್ ವಾರ್' ಆ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಅವನ ಪಾಲಿಗೆ ಕೆಲವು ವಾರಗಳು ಕಳೆದಿದ್ದರೆ ಆ ಲೋಕದಲ್ಲಿ ನಲವತ್ತು ವರ್ಷಗಳು ಸಂದಿರುತ್ತವೆ. ಲೋಕವನ್ನು ಆಳುವ ಹೈ ಲಾರ್ಡ್ ಸ್ಥಾನದಲ್ಲಿ ಎಲೀನಾ ಎಂಬ ಮಹಿಳೆ ಇರುತ್ತಾಳೆ. ಅವಳು ಆ ಅತ್ಯಾಚಾರದಿಂದ ಹುಟ್ಟಿದ ಮಗಳು. ತಂದೆಯ ಮೇಲೆ ಅವಳಿಗಿರುವ ಪ್ರೀತಿ ಸಹಜವಾದುದಲ್ಲ, ಅವಳ ತೀರ್ಮಾನಗಳಲ್ಲಿ ಎಲ್ಲೋ ಒಂದು ಕಡೆ ಸಮತೋಲ ತಪ್ಪಿದೆ, ಕೊನೆಗೆ ಅವಳು ಸತ್ತವರನ್ನೂ ಬದುಕಿರುವವರನ್ನೂ ಬೇರೆಯಾಗಿಡುವ ಮರಣದ ನಿಯಮವನ್ನೇ ಮುರಿದು ತಾನೂ ನಾಶವಾಗುತ್ತಾಳೆ. ಒಂದು ರಾತ್ರಿಯ ಕೃತ್ಯ ಒಂದು ಲೋಕದ ಚರಿತ್ರೆಯನ್ನೇ ತಿರುಗಿಸಿಬಿಡುವ ಬಗೆಯನ್ನು ಲೇಖಕರು ಮೂರು ಪುಸ್ತಕಗಳ ಉದ್ದಕ್ಕೂ ಬಿಡದೆ ಹಿಂಬಾಲಿಸಿದ್ದಾರೆ. 'ಆಘಾತ ಹುಟ್ಟಿಸಲೆಂದೇ ಆ ಘಟನೆಯನ್ನು ತುರುಕಿದ್ದಾರೆ' ಎಂಬ ಆರೋಪವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಆದರೆ ವಿರೋಧಿಗಳ ಇನ್ನೊಂದು ಆರೋಪ ನಿಲ್ಲುತ್ತದೆ, ಮತ್ತು ಅದಕ್ಕೆ ಅಭಿಮಾನಿಗಳಿಂದ ತೃಪ್ತಿಕರ ಉತ್ತರವನ್ನು ನಾನು ಕೇಳಿಲ್ಲ. ಲೀನಾಳಿಗೆ ಏನಾಯಿತು? ಮೂರನೆಯ ಪುಸ್ತಕದಲ್ಲಿ ಅವಳು ಮನಸ್ಸಿನ ಸ್ಥಿಮಿತ ಕಳೆದುಕೊಂಡ ಮುದುಕಿಯಾಗಿ, ಕವನೆಂಟ್ ತನಗಾಗಿ ಮರಳಿ ಬರುತ್ತಾನೆಂದು ಕಾಯುತ್ತಾ, ಕೊನೆಗೆ ಅವನನ್ನು ಉಳಿಸಲು ಹೋಗಿ ಪ್ರಾಣ ಬಿಡುತ್ತಾಳೆ. ಅವಳ ತಾಯಿಗೆ, ತಂದೆಗೆ, ಟ್ರಯಾಕ್‌ಗೆ ಕೋಪಿಸಿಕೊಳ್ಳುವ ಅವಕಾಶವಿದೆ. ಅವಳಿಗೆ ಮಾತ್ರ ಅದಿಲ್ಲ. ಆ ರಾತ್ರಿಯ ನಂತರದ ನಲವತ್ತು ಚಿಲ್ಲರೆ ವರ್ಷಗಳನ್ನು ಅವಳು ಹೇಗೆ ಬದುಕಿದಳೆಂಬುದನ್ನು ಅವಳ ಮನಸ್ಸಿನ ಒಳಗಿನಿಂದ ಹೇಳುವ ಒಂದು ಅಧ್ಯಾಯವೂ ಇಲ್ಲ. ಅವಳ ನೋವು ನಾಯಕನ ಪಶ್ಚಾತ್ತಾಪಕ್ಕೆ ಇಂಧನವಾಗಿ ಬಳಕೆಯಾಯಿತು. ಸರಣಿಯ ನಿಜವಾದ ಸೋಲು ಇಲ್ಲಿದೆ. ನಾಯಕನ ದುರ್ಗುಣಗಳಲ್ಲಿ ಅದನ್ನು ಹುಡುಕುವವರು ಈ ಜಾಗವನ್ನು ದಾಟಿಹೋಗುತ್ತಾರೆ.

ನನ್ನ ವೃತ್ತಿಯ ಕಡೆಯಿಂದಲೂ ಒಂದು ತಕರಾರಿದೆ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಔಷಧಾಲಯ ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗಾಗಿಯೇ ಆಸ್ಪತ್ರೆ ತೆರೆದ ಊರು ನಮ್ಮದು. ಈ ರೋಗದ ಬಗ್ಗೆ ನಮಗೆ ತಿಳಿವಳಿಕೆ ಇರಬೇಕಾದಷ್ಟು ಕಾಲ ಕಳೆದಿದೆ. ಆದರೂ ರೋಗ ಪೂರ್ತಿ ಗುಣವಾದವರ ಪಕ್ಕದಲ್ಲಿ ಬಸ್ಸಿನಲ್ಲಿ ಕೂರಲು ಹಿಂಜರಿಯುವವರನ್ನು ಈಗಲೂ ನೋಡುತ್ತೇನೆ. ನಮ್ಮ ದೇಶದಲ್ಲಿ ಕುಷ್ಠರೋಗ ವಿಚ್ಛೇದನಕ್ಕೆ ಕಾನೂನುಬದ್ಧ ಕಾರಣವಾಗಿದ್ದುದನ್ನು ತೆಗೆದುಹಾಕಿದ್ದು 2019ರಲ್ಲಿ. ಇಂಥ ಕಡೆ, ಕಾದಂಬರಿಯೊಂದರ ಮುಖ್ಯ ಕುಷ್ಠರೋಗಿ ಅತ್ಯಾಚಾರಿಯೂ ಆಗಿದ್ದಾನೆಂದರೆ ಓದುಗರ ಮನಸ್ಸಿನಲ್ಲಿ ಎರಡೂ ಬೆಸೆದುಕೊಳ್ಳುವ ಅಪಾಯವಿದೆ. ರೋಗಿಯ ದೈನಂದಿನ ಎಚ್ಚರವನ್ನು ಅಷ್ಟು ನಿಖರವಾಗಿ ಬರೆದ ಲೇಖಕರೇ ರೋಗವನ್ನು ಪಾಪಕ್ಕೆ ಸಂಕೇತವಾಗಿಯೂ ಬಳಸುವುದನ್ನು ಓದುವಾಗ ನನಗೆ ನೋವಾಯಿತು. ಪುಸ್ತಕವನ್ನು ಯಾರಿಗಾದರೂ ಕೊಡುವಾಗ ಈ ವಿಷಯವನ್ನು ನಾನು ತಪ್ಪದೆ ಹೇಳುತ್ತೇನೆ.

ಭಾಷೆಯ ಕುರಿತಾದ ಜಗಳ ಚಿಕ್ಕದು: ನಿಘಂಟು ತೆರೆಯದೆ ಅರ್ಥವಾಗದ ಹಳೆಯ ಇಂಗ್ಲಿಷ್ ಪದಗಳನ್ನು ಲೇಖಕರು ಧಾರಾಳವಾಗಿ ಬಳಸುತ್ತಾರೆ. ಕೆಲವರಿಗೆ ಅದು ಇಷ್ಟ, ನನಗೆ ಅಷ್ಟಿಲ್ಲ.

ಇನ್ನು ನೀವು ಏನು ಮಾಡಬೇಕು? ಆ ಘಟನೆ ನಿಮ್ಮ ಬದುಕಿನ ಯಾವುದಾದರೂ ನೋವನ್ನು ಕೆದಕುವಂತಿದ್ದರೆ ಖಂಡಿತ ಓದಬೇಡಿ. ಅದರ ನೆನಪು ಮೂರೂ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಾಯಕನ ಮೇಲಿನ ಸಿಟ್ಟಷ್ಟೇ ಕಾರಣವಾಗಿದ್ದರೆ, ಆ ಸಿಟ್ಟನ್ನು ಬಿಡದೆ, ಅಟಿಯಾರನ್‌ಳ ಜೊತೆಗಿನ ಪ್ರಯಾಣದ ಅಧ್ಯಾಯಗಳನ್ನು ಓದಿ ನೋಡಿ. ಅವು ಹಿಡಿಸಿದರೆ ಮೊದಲ ಪುಸ್ತಕವನ್ನು ಮುಗಿಸಿ ಎರಡನೆಯದನ್ನೂ ಓದಿ, ಏಕೆಂದರೆ ಮೊದಲನೆಯದರಲ್ಲಿ ಬಿತ್ತಿದ್ದು ಫಲಕ್ಕೆ ಬರುವುದು ಎಲೀನಾಳ ಕಥೆಯಲ್ಲಿ. ಮೊದಲ ಮೂರು ಪುಸ್ತಕಗಳು ಒಂದು ಘಟಕವಾಗಿ ಮುಗಿಯುತ್ತವೆ, ಉಳಿದ ಏಳನ್ನು ಓದಲೇಬೇಕೆಂಬ ಒತ್ತಾಯವೇನಿಲ್ಲ. ಎಲೀನಾಳ ಅಂತ್ಯದ ನಂತರವೂ ನಿಮಗೆ ಕವನೆಂಟ್ ಅಸಹ್ಯವೆನಿಸಿದರೆ ನಿಮ್ಮ ಗೆಳೆಯರಿಬ್ಬರಿಗೂ ಅದನ್ನು ಧೈರ್ಯವಾಗಿ ಹೇಳಿ. ಕೊನೆಯ ಪುಟದವರೆಗೆ ಓದಿ, ಸರಣಿಯನ್ನು ಮೆಚ್ಚಿಕೊಂಡ ನನಗೂ ಅವನು ಇಂದಿಗೂ ಇಷ್ಟವಾಗಿಲ್ಲ.