ನಿದ್ದೆ ಗುಳಿಗೆ ಬಿಟ್ಟು ಮೆಲಟೋನಿನ್ ಹಿಡಿದ ಅಕ್ಕೋರು

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ವಿಜಯಪುರದ 62 ವರ್ಷದ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರನ್ನು (ಈ ಕಡೆಯ ಮಾತಿನಲ್ಲಿ ಅಕ್ಕೋರು) ಅವರ ಮಗಳು ನನ್ನಲ್ಲಿಗೆ ಕರೆತಂದ ದಿನ, ಅವರ ಕೈಯಲ್ಲಿದ್ದ ನೀರಿನ ಲೋಟ ನಡುಗುತ್ತಿತ್ತು. “ನಾಕ ದಿನಾ ಆತ್ರಿ ಮೇಡಂ, ಕಣ್ಣಿಗೆ ಕಣ್ಣ ಹತ್ತಿಲ್ಲ. ಎದಿ ಡವಡವ ಅಂತೈತ್ರಿ” ಎಂದರು.

ಮೂರು ವರ್ಷಗಳ ಹಿಂದೆ ಪತಿ ತೀರಿಕೊಂಡಾಗ ವೈದ್ಯರೊಬ್ಬರು ಅವರಿಗೆ ಎರಡು ವಾರಕ್ಕೆಂದು ಗಾಬರಿ ತಗ್ಗಿಸಿ ನಿದ್ದೆ ತರುವ ಆಲ್ಪ್ರಜೋಲಾಂ ಎಂಬ ಗುಳಿಗೆಯನ್ನು 0.25 ಮಿಲಿಗ್ರಾಂ ಪ್ರಮಾಣದಲ್ಲಿ ಬರೆದುಕೊಟ್ಟಿದ್ದರು. ಎರಡು ವಾರ ಮೂರು ವರ್ಷವಾಯಿತು, 0.25 ಇದ್ದದ್ದು 0.5 ಆಯಿತು. ಹಳೆಯ ಚೀಟಿಯನ್ನೇ ತೋರಿಸಿ ಮೆಡಿಕಲ್ ಅಂಗಡಿಯಿಂದ ತರುತ್ತಿದ್ದರಂತೆ. ಈ ಗುಳಿಗೆ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಆ ನಿಯಮ ಇಂಥ ಹಿರಿಯರಿಗಾಗಿಯೇ ಇರುವುದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಳೆದ ವರ್ಷ ಅಕ್ಕೋರು ನಸುಕಿನಲ್ಲಿ ಬಚ್ಚಲಮನೆಯಲ್ಲಿ ಜಾರಿ ಬಿದ್ದಿದ್ದರು. ಅದನ್ನು ಯಾರೂ ಗುಳಿಗೆಯೊಂದಿಗೆ ಜೋಡಿಸಿ ನೋಡಿರಲಿಲ್ಲ.

ಹೀಗಿರುವಾಗ ಪುಣೆಯಲ್ಲಿರುವ ಸೊಸೆ, ಅತ್ತೆಯ ಮೇಲಿನ ಕಾಳಜಿಯಿಂದಲೇ, 10 ಮಿಲಿಗ್ರಾಮಿನ ಮೆಲಟೋನಿನ್ ಡಬ್ಬಿಯೊಂದನ್ನು ಕಳಿಸಿದರು. ಇದು ಮೈಯಲ್ಲೇ ಹುಟ್ಟುವ ಹಾರ್ಮೋನು, ಚಟವಾಗುವುದಿಲ್ಲ ಎಂದರು. ಅಕ್ಕೋರು ಹಳೆಯ ಗುಳಿಗೆಯನ್ನು ಅದೇ ರಾತ್ರಿ ಕಸದ ಬುಟ್ಟಿಗೆ ಹಾಕಿದರು.

ನಾನು ಆಪ್ತಸಲಹೆಗಾರಳು, ವೈದ್ಯಳಲ್ಲ. ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ಒಂದೇ ಕೆಲಸ: ಅದೇ ದಿನ ಅವರನ್ನು ಮನೋವೈದ್ಯರ ಬಳಿಗೆ ಕಳಿಸಿದೆ. ದೀರ್ಘಕಾಲ ತೆಗೆದುಕೊಂಡ ಆಲ್ಪ್ರಜೋಲಾಮನ್ನು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಮೊದಲಿಗಿಂತ ಹೆಚ್ಚು ಕೆಡುತ್ತದೆ, ನಡುಕ, ಬೆವರು, ಗಾಬರಿ ಹುಟ್ಟುತ್ತವೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರು ಅದೇ ಗುಳಿಗೆಯನ್ನು ಮತ್ತೆ ಆರಂಭಿಸಿ, ಕೆಲವು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಇಳಿಸುವ ಯೋಜನೆ ಹಾಕಿದರು. ಅಕ್ಕೋರು ರಕ್ತದೊತ್ತಡಕ್ಕೂ ಔಷಧ ತೆಗೆದುಕೊಳ್ಳುತ್ತಿದ್ದುದರಿಂದ ಮೆಲಟೋನಿನ್ ಡಬ್ಬಿಯನ್ನು ಸದ್ಯ ಮುಚ್ಚಿಡಲು ಹೇಳಿದರು.

ಎರಡನೆಯ ಭೇಟಿಯಲ್ಲಿ ಅಕ್ಕೋರು ನೇರವಾಗಿ ಕೇಳಿದರು: “ಎರಡರೊಳಗ ಯಾವುದು ಚಲೋರಿ?” ಮನೆಯಲ್ಲಿ ಎಲ್ಲರೂ ಇದನ್ನೇ ಚರ್ಚಿಸುತ್ತಿದ್ದರು. ಅವೆರಡೂ ಒಂದೇ ಕೆಲಸ ಮಾಡುವ ಔಷಧಗಳಲ್ಲ ಎಂದು ನಾನು ವಿವರಿಸಿದೆ. ಆಲ್ಪ್ರಜೋಲಾಮಿನಂಥವು ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸಿ ಎಚ್ಚರವನ್ನೇ ಅದುಮುತ್ತವೆ. ಆದ್ದರಿಂದಲೇ ಬೇಗ ಮಂಪರು ಬರುತ್ತದೆ, ಆದ್ದರಿಂದಲೇ ಕೆಲವು ವಾರಗಳಲ್ಲಿ ಮೈ ಅದಕ್ಕೆ ಒಗ್ಗಿ ಇನ್ನಷ್ಟು ಕೇಳುತ್ತದೆ. ಅದರ ಅರ್ಧ ಪ್ರಮಾಣ ಮೈಯಿಂದ ಇಳಿಯಲು ಸುಮಾರು 11 ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ರಾತ್ರಿ ಎಂಟಕ್ಕೆ ತೆಗೆದುಕೊಂಡದ್ದು ನಸುಕಿನ ಐದಕ್ಕೂ ಕಾಲನ್ನು ಸಡಿಲಗೊಳಿಸಬಲ್ಲದು ಎಂದಾಗ, ಬಚ್ಚಲಮನೆಯ ಮಾತನ್ನು ಅವರೇ ಎತ್ತಿದರು.

ಮೆಲಟೋನಿನ್ ಮಾಡುವ ಕೆಲಸ ಬೇರೆ. ಕತ್ತಲಾದ ಮೇಲೆ ಪೀನಿಯಲ್ ಗ್ರಂಥಿ ಅದನ್ನು ಸ್ರವಿಸಿ, ರಾತ್ರಿಯಾಯಿತೆಂದು ಮೈಗೆ ತಿಳಿಸುತ್ತದೆ. ದೂರದೇಶಕ್ಕೆ ವಿಮಾನದಲ್ಲಿ ಹೋಗಿ ಹಗಲು ರಾತ್ರಿ ಅದಲುಬದಲಾದವರಿಗೆ, ನಡುರಾತ್ರಿ ಕಳೆದರೂ ನಿದ್ದೆಯ ಹೊತ್ತೇ ಬಾರದವರಿಗೆ ಅದು ನೆರವಾಗುತ್ತದೆ. ಹಳೆಯ ನಿದ್ರಾಹೀನತೆಗೆ ಅದರ ಪ್ರಯೋಜನ ಅಲ್ಪ. 2013ರ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ ಅದು ನಿದ್ದೆ ಹತ್ತುವ ಹೊತ್ತನ್ನು ಸರಾಸರಿ ಏಳು ನಿಮಿಷದಷ್ಟು ಮುಂಚಿತಗೊಳಿಸುತ್ತದೆ. ಯುರೋಪಿನಲ್ಲಿ 55 ದಾಟಿದವರಿಗೆ ವೈದ್ಯರ ಚೀಟಿಯ ಮೇಲೆ ಕೊಡುವ, ನಿಧಾನವಾಗಿ ಕರಗುವ ಗುಳಿಗೆಯಲ್ಲಿ ಇರುವುದು 2 ಮಿಲಿಗ್ರಾಂ. ಅಕ್ಕೋರ ಡಬ್ಬಿಯಲ್ಲಿದ್ದದ್ದು ಅದರ ಐದು ಪಟ್ಟು. ಪೂರಕ ಆಹಾರವೆಂದು ಮಾರುವ ಮೆಲಟೋನಿನ್ ಡಬ್ಬಿಗಳಲ್ಲಿ ಹೊರಗೆ ಬರೆದಿರುವ ಅಳತೆಗೂ ಒಳಗಿನದಕ್ಕೂ ಭಾರೀ ಅಂತರವಿರುವುದನ್ನು ಕೆನಡಾದ ಪರೀಕ್ಷೆಯೊಂದು ತೋರಿಸಿದೆ. ಮೇಲಾಗಿ ಸಾಮಾನ್ಯ ಮೆಲಟೋನಿನ್ನಿನ ಅರ್ಧ ಪ್ರಮಾಣ ಒಂದು ಗಂಟೆಯೊಳಗೇ ಇಳಿದುಹೋಗುತ್ತದೆ. ಅಕ್ಕೋರ ತೊಂದರೆಯೋ, ನಿದ್ದೆ ಹತ್ತದಿರುವುದಲ್ಲ, ರಾತ್ರಿ ಎರಡಕ್ಕೆ ಎಚ್ಚರವಾಗುವುದು.

ಎರಡೇ ಗಂಟೆಗೆ ಏಕೆ? ಇದನ್ನು ಮೂರು ವರ್ಷಗಳಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದ ಪತಿಯ ಮಗ್ಗುಲು ಬದಲಿಸಲು ಅವರು ಹದಿನಾಲ್ಕು ತಿಂಗಳು ದಿನವೂ ಅದೇ ಹೊತ್ತಿಗೆ ಅಲಾರಂ ಇಟ್ಟು ಏಳುತ್ತಿದ್ದರು. ಅಲಾರಂ ನಿಂತರೂ ಮೈ ಏಳುವುದನ್ನು ಬಿಟ್ಟಿರಲಿಲ್ಲ, ಮತ್ತು ಪತಿಯ ಮಂಚ ಇನ್ನೂ ಅದೇ ಕೋಣೆಯಲ್ಲಿತ್ತು. ಇದನ್ನು ಹೇಳುವಾಗ ಅವರು ಬಹಳ ಹೊತ್ತು ಅತ್ತರು. ಆ ದಿನ ನಾವು ಬೇರೇನನ್ನೂ ಮಾತಾಡಲಿಲ್ಲ.

ಅನಂತರದ ಭೇಟಿಗಳಲ್ಲಿ, ಗುಳಿಗೆ ಇಳಿಸುವ ಕೆಲಸವನ್ನು ವೈದ್ಯರಿಗೆ ಬಿಟ್ಟು, ನಿದ್ರಾಹೀನತೆಗೆಂದೇ ಇರುವ ಅರಿವು-ವರ್ತನೆಯ ಚಿಕಿತ್ಸೆಯನ್ನು ಆರಂಭಿಸಿದೆವು. ಅಮೆರಿಕದ ವೈದ್ಯರ ಸಂಸ್ಥೆಯೊಂದು 2016ರಲ್ಲಿ ವಯಸ್ಕರಿಗೆ ಮೊದಲ ಚಿಕಿತ್ಸೆಯೆಂದು ಶಿಫಾರಸು ಮಾಡಿದ್ದು ಇದನ್ನೇ, ಯಾವ ಗುಳಿಗೆಯನ್ನೂ ಅಲ್ಲ. ಎರಡು ವಾರ ನಿದ್ದೆಯ ದಿನಚರಿ ಬರೆಸಿದೆ. ಶಿಕ್ಷಕಿಯಾದ್ದರಿಂದ ಅಚ್ಚುಕಟ್ಟಾಗಿ ಕೋಷ್ಟಕ ಎಳೆದು ತಂದರು. ರಾತ್ರಿ ಎಂಟೂವರೆಯಿಂದ ಬೆಳಗಿನ ಆರರವರೆಗೆ, ಅಂದರೆ ಒಂಬತ್ತೂವರೆ ಗಂಟೆ ಹಾಸಿಗೆಯಲ್ಲಿದ್ದು ಅವರು ನಿದ್ದೆ ಮಾಡುತ್ತಿದ್ದದ್ದು ಐದೂವರೆ ಗಂಟೆ. ಎಚ್ಚರವಾಗಿ ಹೊರಳಾಡುವ ಹೊತ್ತು ಕಡಿಮೆಯಾಗಲೆಂದು, ಚಿಕಿತ್ಸೆಯ ಸಾಮಾನ್ಯ ಕ್ರಮದಂತೆ ಹಾಸಿಗೆಯ ಹೊತ್ತನ್ನು ಒಮ್ಮೆಲೇ ಆರು ಗಂಟೆಗೆ ಇಳಿಸಬಹುದಿತ್ತು. ಆದರೆ ಗುಳಿಗೆ ಇಳಿಯುತ್ತಿರುವಾಗ, ಒಮ್ಮೆ ಬಿದ್ದವರಿಗೆ, ಅಷ್ಟು ಕಠಿಣವಾಗುವುದು ನನಗೆ ಸರಿ ಕಾಣಲಿಲ್ಲ. ವಾರಕ್ಕೆ ಅರ್ಧ ಗಂಟೆಯಂತೆ ಮಲಗುವ ಹೊತ್ತನ್ನು ತಡಮಾಡುತ್ತಾ ಹೋದೆವು. ಏಳುವುದು ಮಾತ್ರ ದಿನವೂ ಐದೂವರೆಗೆ, ಎದ್ದವರು ಬೆಳಕು ಹರಿಯುತ್ತಿದ್ದಂತೆ ಗೋಳಗುಮ್ಮಟದ ಕಡೆಗೆ ನಡೆಯಬೇಕು. ಸಂಜೆಯ ಚಹಾ ಬಿಡಬೇಕು. ಎರಡಕ್ಕೆ ಎಚ್ಚರವಾದರೆ ಗಡಿಯಾರ ನೋಡದೆ, ಹೊರಳಾಡದೆ, ಪಡಸಾಲೆಯಲ್ಲಿ ಮಂದ ದೀಪದಡಿ ಕುಳಿತು, ಕಣ್ಣು ಭಾರವಾದ ಮೇಲಷ್ಟೇ ಮರಳಬೇಕು.

ಮಂಚದ ವಿಷಯದಲ್ಲಿ ನಾನು ಸಲಹೆ ಕೊಡಲಿಲ್ಲ. ಆರನೆಯ ವಾರ ಅವರೇ ಮಗಳೊಂದಿಗೆ ಸೇರಿ ಅದನ್ನು ಪಕ್ಕದ ಕೋಣೆಗೆ ಸರಿಸಿದರು.

ಪುಣೆಯ ಸೊಸೆಯೊಂದಿಗೂ ಫೋನಿನಲ್ಲಿ ಮಾತಾಡಿದೆ. ಅವರಿಗೆ ತಪ್ಪಿತಸ್ಥ ಭಾವ ಕಾಡುತ್ತಿತ್ತು. ಹಳೆಯ ಗುಳಿಗೆ ಬಿಡಿಸಬೇಕೆಂಬ ಅವರ ಆಸೆ ಸರಿಯಾದದ್ದೇ, ಬಿಡಿಸುವ ಕ್ರಮವನ್ನು ವೈದ್ಯರಿಂದ ಕೇಳದೇ ಹೋದದ್ದಷ್ಟೇ ತೊಡಕಾಯಿತು ಎಂದು ತಿಳಿಸಿದೆ.

ಈಗ ನಾಲ್ಕು ತಿಂಗಳಾಗಿವೆ. ಗುಳಿಗೆ ಅರ್ಧಕ್ಕೆ ಇಳಿದಿದೆ, ಇನ್ನುಳಿದದ್ದನ್ನು ಇನ್ನೂ ನಿಧಾನವಾಗಿ ಇಳಿಸುವುದಾಗಿ ವೈದ್ಯರು ಹೇಳಿದ್ದಾರೆ. ವಾರದಲ್ಲಿ ಎರಡು ರಾತ್ರಿಯಾದರೂ ಅಕ್ಕೋರಿಗೆ ಎರಡು ಗಂಟೆಗೆ ಎಚ್ಚರವಾಗುತ್ತದೆ. ಆಗ ಪಡಸಾಲೆಗೆ ಬಂದು ಮೊಮ್ಮಗಳಿಗೆ ಕೌದಿ ಹೊಲಿಯುತ್ತಾ ಕೂರುತ್ತಾರೆ, ಸೂಜಿಗೆ ದಾರ ಪೋಣಿಸಲಾಗದಷ್ಟು ಕಣ್ಣು ಎಳೆದಾಗ ಎದ್ದು ಹೋಗಿ ಮಲಗುತ್ತಾರೆ.