"ಲಗೂ ಬಾ" ಅಂದ ಒಂದು ಮಾತು

ನಾನು ಆಪ್ತಸಲಹೆಗಾರ್ತಿ. ಇದು 2023ರಲ್ಲಿ ನನ್ನ ಬಳಿ ಬಂದ ಒಬ್ಬ ಕಟ್ಟಡ ಕಾರ್ಮಿಕರ ಪ್ರಕರಣ. ಹೆಸರು, ಊರು, ಸೈಟಿನ ಜಾಗ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. "ನಮ್ ಗ್ಯಾಂಗಿನ ಹುಡುಗರು ಫೋನಿನ್ಯಾಗ ಓದ್ತಾರ, ಬರೀರಿ ಮೇಡಂ" ಅಂತ ಅವರೇ ಹೇಳಿದರು.

ಬಸಣ್ಣ ಅಂತ ಕರೆಯೋಣ. ವಯಸ್ಸು 34, ರಾಯಚೂರು ಕಡೆಯವರು. ಬೆಂಗಳೂರಿಗೆ ಬಂದು 13 ವರ್ಷ ಆಗಿತ್ತು. ಮೊದಲು ಕಂಬಿ ಕಟ್ಟುತ್ತಿದ್ದರು, ಆಮೇಲೆ ಸ್ಟ್ರಕ್ಚರ್ ಕೆಲಸಕ್ಕೆ ಬಂದರು. ಗೋಡೌನ್, ಫ್ಯಾಕ್ಟರಿ ಶೆಡ್‌ಗಳ ಕಬ್ಬಿಣದ ಕಂಬ ನಿಲ್ಲಿಸುವುದು, ಕ್ರೇನ್ ಎತ್ತಿಕೊಟ್ಟ ರಾಫ್ಟರನ್ನು (ಚಾವಣಿಯ ದೊಡ್ಡ ತೊಲೆ) ಮೇಲೆ ಕೂತು ತೂತಿಗೆ ತೂತು ಕೂಡಿಸಿ ಬೋಲ್ಟ್ ಹಾಕುವುದು, ಅದರ ಮೇಲೆ ಪರ್ಲಿನ್, ಅಂದರೆ ಚಾವಣಿ ಶೀಟು ಕೂರುವ ಅಡ್ಡಪಟ್ಟಿ, ಜೋಡಿಸುತ್ತಾ ಹೋಗುವುದು. ಗೇಣಗಲದ ಕಬ್ಬಿಣದ ಮೇಲೆ, 12 ಮೀಟರ್ ಎತ್ತರದಲ್ಲಿ, ಬಿಸಿಲಲ್ಲಿ ಮತ್ತು ಗಾಳಿಯಲ್ಲಿ.

ಕರೆದುಕೊಂಡು ಬಂದಿದ್ದು ಹೆಂಡತಿ. "ನಮ್ಮನಿಯವ್ರು ರಾತ್ರಿ ಚೀರಿ ಏಳ್ತಾರ್ರಿ. ಕೆಲಸಕ್ಕಂತ ಹೋಗಿ ಗೇಟಿನಿಂದ ತಿರುಗಿ ಬರ್ತಾರ" ಅಂದರು. ಊರಲ್ಲಿ ತಾಯತ ಕಟ್ಟಿಸಿದ್ದರು. ಮೇಸ್ತ್ರಿ ಮಾತ್ರ "ಒಮ್ಮೆ ಹತ್ತಿಬಿಟ್ರೆ ಭಯ ಹೋಗುತ್ತೆ" ಅಂತ ಬಲವಂತ ಮಾಡಿ ಹತ್ತಿಸಿದ್ದ. ಅರ್ಧ ಏಣಿಗೆ ಹೋಗುವಷ್ಟರಲ್ಲಿ ಬಸಣ್ಣನ ಕೈ ಬಿಗಿದುಕೊಂಡಿತು, ಇಬ್ಬರು ಹತ್ತಿ ಬೆರಳು ಬಿಡಿಸಿ ಇಳಿಸಬೇಕಾಯಿತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವತ್ತು ಮೂವರೂ ಬೀಳಬಹುದಿತ್ತು, ಅಲ್ವಾ?

ಬಸಣ್ಣ ನನ್ನ ಬಳಿ ಬರುವ ಮೂರು ತಿಂಗಳ ಮೊದಲು ಅವರ ಚಿಕ್ಕಪ್ಪನ ಮಗ ಅದೇ ಗ್ಯಾಂಗಿನಲ್ಲಿದ್ದ, 22 ವರ್ಷ. ಕೆಲಸ ಕಲಿಸಿದ್ದು ಬಸಣ್ಣನೇ. ಒಂದು ಪರ್ಲಿನ್‌ನಿಂದ ಇನ್ನೊಂದಕ್ಕೆ ದಾಟುವಾಗ ಆ ಹುಡುಗ ಬಿದ್ದು ಸತ್ತ. ಸೇಫ್ಟಿ ಬೆಲ್ಟಿಗೆ ಎರಡು ಹುಕ್ಕು ಇರುವುದೇ ಹೀಗೆ ದಾಟಲಿಕ್ಕೆ. ಒಂದನ್ನು ಮುಂದೆ ಸಿಕ್ಕಿಸಿದ ಮೇಲೆಯೇ ಹಿಂದಿನದನ್ನು ಬಿಚ್ಚಬೇಕು. ಆದರೆ ಸಿಕ್ಕಿಸಲು ಅಲ್ಲಿ ಲೈಫ್‌ಲೈನ್ ವೈರನ್ನೇ ಎಳೆದಿರಲಿಲ್ಲ. ಕೆಳಗೆ ಬಲೆ ಇರಲಿಲ್ಲ. ಕ್ರೇನಿನ ಬಾಡಿಗೆ ಗಂಟೆಗಿಷ್ಟು ಅಂತ ಓಡುತ್ತಿತ್ತು.

ಇಷ್ಟನ್ನು ಬಸಣ್ಣ ಮೊದಲ ಎರಡು ಭೇಟಿಯಲ್ಲಿ ಹೇಳಿದರು, ಲೆಕ್ಕ ಒಪ್ಪಿಸುವ ಹಾಗೆ. ಎತ್ತರದ ಭಯವೇ ಸಮಸ್ಯೆ ಅಂತ ನಾನೂ ಅಂದುಕೊಂಡೆ. ಮೂರನೇ ಭೇಟಿಗೆ ಮಗಳನ್ನೂ ಕರೆತಂದಿದ್ದರು. ಮಾತು ಮುಗಿದಿರಲಿಲ್ಲ, ಹುಡುಗಿ ಬಾಗಿಲಲ್ಲಿ ಇಣುಕಿ "ಪಪ್ಪಾ, ಲಗೂ ಬಾ" ಅಂತು. ಬಸಣ್ಣನ ಮುಖ ಬಿಳಚಿಕೊಂಡಿತು. ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ. ನಾನು ಏನೂ ಕೇಳದೆ ನೀರು ಕೊಟ್ಟೆ. ತುಂಬಾ ಹೊತ್ತಾದ ಮೇಲೆ ಅವರೇ ಹೇಳಿದರು: "ನಾನೇ ಅಂದೆ ಮೇಡಂ. ಕ್ರೇನ್ ನಿಂತೈತಿ, ಲಗೂ ಬಾರಲೇ ತಮ್ಮಾ ಅಂದೆ. ಅವ ಬಂದ."

ಹೆಂಡತಿಗೂ ಈ ಮಾತು ಹೇಳಿರಲಿಲ್ಲ. ಚಿಗವ್ವನ, ಅಂದರೆ ಆ ಹುಡುಗನ ತಾಯಿಯ, ಮುಖ ನೋಡಲಾಗದೆ ಊರಿಗೆ ಹೋಗುವುದನ್ನೇ ಬಿಟ್ಟಿದ್ದರು. ನಿದ್ದೆಗೆ ಅಂತ ದಿನಾ ರಾತ್ರಿ ಕುಡಿಯುತ್ತಿದ್ದರು.

"ನಿಮ್ಮದೇನೂ ತಪ್ಪಿಲ್ಲ" ಅಂತ ನಾನು ಹೇಳಲಿಲ್ಲ. ಸುಮ್ನೆ ಹಾಗೆ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ಅವರ ಕೆಲಸದ ಚೀಲದಲ್ಲಿ ನಟ್‌ಗಳಿದ್ದವು. ಹತ್ತು ನಟ್ ತೆಗೆದು ಮೇಜಿನ ಮೇಲೆ ಇಡಿ, ಆ ಸಾವಿನಲ್ಲಿ ಯಾರ ಪಾಲು ಎಷ್ಟು ಅಂತ ನೀವೇ ಹಂಚಿ ಅಂದೆ. ಹತ್ತನ್ನೂ ತಮ್ಮ ಕಡೆಗೆ ಎಳೆದುಕೊಂಡರು. ಲೈಫ್‌ಲೈನ್ ಎಳೆಸಬೇಕಾಗಿದ್ದವರು ಯಾರು ಅಂತ ಕೇಳಿದೆ. ಬಲೆ ಹಾಕಿಸಬೇಕಾಗಿದ್ದವರು? ಗಾಳಿ ಜಾಸ್ತಿ ಇದ್ದರೂ ಕೆಲಸ ನಿಲ್ಲಿಸದವರು? ಒಂದೊಂದೇ ನಟ್ ಆಚೆ ಹೋಯಿತು. ಕೊನೆಗೆ ಎರಡು ಅವರ ಮುಂದೆ ಉಳಿದವು. ಅವನ್ನು ಅವರು ಸರಿಸಲಿಲ್ಲ, ನಾನೂ ಸರಿಸಿ ಅನ್ನಲಿಲ್ಲ. ಅಷ್ಟು ಭಾರ ಹೊರಬಲ್ಲೆ ಅನ್ನುವ ಹಾಗಿತ್ತು ಅವರು ಕೂತಿದ್ದ ರೀತಿ.

ನಾನು ಕೊಟ್ಟ ಸಲಹೆ ಇಷ್ಟು. ಈಗ ಮೇಲೆ ಹತ್ತಬೇಡಿ. ಇದು ಹೇಡಿತನ ಅಲ್ಲ, ನಡುಗುವ ಕೈ ಮೇಲಿದ್ದರೆ ಪಕ್ಕದವನ ಜೀವಕ್ಕೂ ಕುತ್ತು. ನೆಲದ ಮೇಲೂ ನಿಮ್ಮ ಕೈಗೆ ಕೆಲಸ ಇದೆ: ಕ್ರೇನಿಗೆ ಸನ್ನೆ ಕೊಡುವುದು, ತೂಗುವ ಮಾಲಿಗೆ ಹಗ್ಗ ಹಿಡಿಯುವುದು, ಕೆಳಗೇ ಜೋಡಿಸಿಕೊಳ್ಳುವುದು. ಪಗಾರ ಕಡಿಮೆಯಾಗುತ್ತದೆ, ಅದಕ್ಕೆ ಮನೆಯ ಲೆಕ್ಕವನ್ನು ಹೆಂಡತಿಯ ಜೊತೆ ಕೂತು ಮತ್ತೆ ಹಾಕಿದೆವು. ಕುಡಿದು ಮಲಗಿದರೆ ಬರುವುದು ಒಳ್ಳೆ ನಿದ್ದೆ ಅಲ್ಲ, ಬೆಳಿಗ್ಗೆ ತಲೆ ಹಿಡಿತದಲ್ಲಿ ಇರುವುದಿಲ್ಲ ಅಂತಲೂ ಹೇಳಿದೆ.

ಕೆಟ್ಟ ಕನಸು, ಬೆಚ್ಚಿಬೀಳುವುದು, ಆ ಜಾಗದ ಕಡೆ ಹೋಗಲಾಗದಿರುವುದು ತಿಂಗಳು ದಾಟಿದರೆ ಮನೋವೈದ್ಯರನ್ನು ನೋಡಲೇಬೇಕು. ನಿಮ್ಹಾನ್ಸ್‌ಗೆ ಕಳಿಸಿದೆ. ಡಾಕ್ಟರಿಗೆ ಮೊದಲು ನಿಮ್ಮ ಕೆಲಸ ಏನು ಅಂತ ಹೇಳಿ ಅಂದೆ, ಯಾಕಂದರೆ ಕೆಲವು ಮಾತ್ರೆ ಮಂಪರು ತರುತ್ತವೆ. ರಾತ್ರಿ ತಡೆಯಲಾಗದಿದ್ದರೆ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ ಅಂತ ನಂಬರ್ ಬರೆದುಕೊಟ್ಟೆ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತಿತ್ತು. ಹುಡುಗನ ತಾಯಿ ವಿಧವೆ, ಅವನ ದುಡಿಮೆಯಲ್ಲೇ ಬದುಕುತ್ತಿದ್ದವರು. ಗುತ್ತಿಗೆದಾರ ಅವರ ಕೈಗೆ ಒಂದಿಷ್ಟು ದುಡ್ಡು ಕೊಟ್ಟು, "ಹುಕ್ಕು ಹಾಕದ ತಪ್ಪು ಅವನದೇ, ಪರಿಹಾರ ಬರಲ್ಲ" ಅಂದಿದ್ದ. ಇದು ಸುಳ್ಳು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ, ಕೆಲಸದ ವೇಳೆ ಆದ ಅಪಘಾತದಲ್ಲಿ ಸಾವು ಬಂದರೆ, ಕಾರ್ಮಿಕನೇ ಸುರಕ್ಷತೆಯ ನಿಯಮ ಪಾಲಿಸಲಿಲ್ಲ ಅನ್ನುವ ನೆಪ ಹೇಳಿ ಮಾಲೀಕರು ಪರಿಹಾರ ತಪ್ಪಿಸುವ ಹಾಗಿರಲಿಲ್ಲ. ಗುತ್ತಿಗೆದಾರನ ಮೂಲಕ ಕೆಲಸಕ್ಕೆ ಬಂದಿದ್ದರೂ ಮುಖ್ಯ ಕಂಪನಿಯ ಹೊಣೆ ಇದ್ದೇ ಇತ್ತು. ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ಇದನ್ನು ವಕೀಲರಿಂದ ಕೇಳಿಸಿ ಖಚಿತ ಮಾಡಿಕೊಟ್ಟೆ. ಹುಡುಗ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿರಲಿಲ್ಲ. ಬಸಣ್ಣನದೂ ಇರಲಿಲ್ಲ, 13 ವರ್ಷ ದುಡಿದರೂ. 18ರಿಂದ 60ರೊಳಗಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಣಿ ಸಿಗುತ್ತದೆ. ಅದನ್ನು ಆ ವಾರವೇ ಮಾಡಿಸಿದೆವು.

ಸಾಕ್ಷಿ ಹೇಳಲು ಬಸಣ್ಣ ಹೆದರಿದರು. ಮೇಸ್ತ್ರಿಯ ಹತ್ತಿರ ತೆಗೆದುಕೊಂಡ ಮುಂಗಡ ಇನ್ನೂ 40 ಸಾವಿರ ಬಾಕಿ ಇತ್ತು. ನಾನು ಒತ್ತಾಯ ಮಾಡಲಿಲ್ಲ. ಮೊದಲು ಚಿಗವ್ವನ ಮನೆಗೆ ಹೋಗಿ, ಆ ಮಾತನ್ನು ಅವರಿಗೆ ಹೇಳಿ, ಬೈದರೆ ಬೈಸಿಕೊಳ್ಳಿ ಅಂದೆ. ಹೋದರು. ಚಿಗವ್ವ ಬಹಳ ಹೊತ್ತು ಅತ್ತರಂತೆ, ಆಮೇಲೆ "ಉಂಡಿಯೇನಪಾ?" ಅಂತ ಕೇಳಿ ರೊಟ್ಟಿ ಬಡಿದರಂತೆ. ಅವತ್ತೇ ಬಸಣ್ಣ ಸಾಕ್ಷಿ ಹೇಳ್ತೀನಿ ಅಂತ ಫೋನ್ ಮಾಡಿದರು.

ಎತ್ತರದ ಅಭ್ಯಾಸ ನಿಧಾನವಾಗಿ ನಡೆಯಿತು. ಸೈಟಿನಲ್ಲಿ ಅಲ್ಲ, ಅದು ಅಭ್ಯಾಸದ ಜಾಗವೇ ಅಲ್ಲ. ಮೊದಲು ಮನೆಯ ಮೆಟ್ಟಿಲು, ಆಮೇಲೆ ಗೋಡೆ ಇರುವ ತಾರಸಿ, ಆಮೇಲೆ ರಸ್ತೆ ದಾಟುವ ಸ್ಕೈವಾಕ್. ಮಧ್ಯದಲ್ಲಿ ನಿಂತು, ಉಸಿರು ಉದ್ದಕ್ಕೆ ಬಿಟ್ಟು, ಎದೆಬಡಿತ ಇಳಿಯುವ ತನಕ ಕಾದು ಬರುವುದು. ಆರು ವಾರ ಆಯಿತು. ಡಾಕ್ಟರ್ ಹೇಳಿದ ಮೇಲೆ ಮಾತ್ರೆ ನಿಂತಿತು. ಮುಂಗಡ ತೀರಿಸಿ ಬೇರೆ ಗ್ಯಾಂಗಿಗೆ ಹೋದರು, ಈಗ ಕ್ರೇನಿಗೆ ಸನ್ನೆ ಕೊಡುತ್ತಾರೆ. ಲೈಫ್‌ಲೈನ್ ಎಳೆಯುವ ತನಕ ಮಾಲು ಎತ್ತಲು ಸನ್ನೆ ಕೊಡುವುದಿಲ್ಲವಂತೆ. ಪರಿಹಾರದ ವಿಚಾರಣೆಗೆ ಚಿಗವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುವುದೂ ಅವರೇ.